ಭಾವನವರ ಸ್ಕೋಪು

ಹಿಂದಿನ ದಿನ ನೆನೆಹಾಕಿದ್ದ ಅವರೆಕಾಳನ್ನು ಹಿತುಕುತ್ತ ಕೂತಿದ್ದೆ. ಬೆರಳಿಗೆಲ್ಲ ಲೋಳೆ ಅಂಟಿತ್ತು. ಫೋನು ಬಡಿದುಕೊಂಡಾಗ ಮೊಣಕೈಯಲ್ಲಿ ಒತ್ತಲು ಹೋಗಿ ಕಟ್ಟಾಯಿತು. ಮತ್ತೆ ಬಂದಾಗ ಸೆರಗಿಗೆ ಕೈ ಒರೆಸಿಕೊಂಡು ಎತ್ತಿದೆ. ಆ ಕಡೆ ಅಕ್ಕ. ಅಕ್ಕ ಎಂದರೆ ನನ್ನ ಜೊತೆ ಹುಟ್ಟಿದವರಲ್ಲ, ನನ್ನ ಗಂಡನ ಅಣ್ಣನ ಹೆಂಡತಿ. ತಿ. ನರಸೀಪುರದ ಆಚೆ ಹೊಳೆ ಪಕ್ಕದ ಹಳ್ಳಿಯಲ್ಲಿ ಅವರ ಮನೆ.

"ಓಗ್ಬುಟ್ರು ಕಣವ್ವ," ಅಂದರು. "ಕಾಪಿ ಕುಡುದ್ರು, ಲೋಟ ಕೆಳಗಿಟ್ರು, ಗ್ವಾಡೆಗೆ ಒರಿಕ್ಕೊಂಡ್ರು. ನಿದ್ದೆ ಬಂತೇನೋ ಅನ್ಕೊಂಡೆ."

ಲೋಟ ಕೆಳಗಿಟ್ಟು ಹೋದರು ಅನ್ನುವುದನ್ನು ಕೇಳಿ ನನಗೆ ಮೊದಲು ಆದದ್ದು ಸಮಾಧಾನ. ನರಳಲಿಲ್ಲ, ಯಾರ ಕೈಲೂ ಮಾಡಿಸಿಕೊಳ್ಳಲಿಲ್ಲ. ಇನ್ನೊಂದು, ನನ್ನ ಬೆಳಗಿನ ಪೂಜೆ ಮುಗಿದಿತ್ತು. ಸುದ್ದಿ ಸ್ವಲ್ಪ ಮೊದಲು ಬಂದಿದ್ದರೆ ಸೂತಕವಾಗಿ ದೇವರಿಗೆ ದೀಪವೂ ಇಲ್ಲದೆ ಹೋಗುತ್ತಿತ್ತು. ನಮ್ಮ ನಂಜನಗೂಡಿನ ದೇವರು ನಂಜುಂಡಪ್ಪ ನನಗೆ ಕೊಡುತ್ತ ಬಂದಿರುವುದೆಲ್ಲ ಇಂಥ ಸಣ್ಣ ಸಣ್ಣದ್ದೇ. ನಾನೂ ದೊಡ್ಡದೇನನ್ನೂ ಕೇಳಿದವಳಲ್ಲ.

ಭಾವನವರ ಹೆಸರನ್ನು ನಾನು ಬರೆಯುವುದಿಲ್ಲ. ಗಂಡನ ಹೆಸರನ್ನಾದರೂ ಈಗ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಬಾಯಿ ಬಿಟ್ಟು ಹೇಳಬೇಕಾಗುತ್ತದೆ. ಗಂಡನ ಅಣ್ಣನ ಹೆಸರು ಹೇಳುವ ಪ್ರಸಂಗವನ್ನು ಯಾವ ಬ್ಯಾಂಕಿನವರೂ ಇನ್ನೂ ತಂದಿಲ್ಲ. ಅವರ ಹಳ್ಳಿಯಲ್ಲೂ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಕಡಿಮೆ. ಎದುರಿಗೆ ಗೌಡ್ರು, ಬೆನ್ನ ಹಿಂದೆ ಸ್ಕೋಪ್ ಗೌಡ್ರು.

ಆ ಹೆಸರಿನ ಮೂಲ ಒಂದು ಕೋವಿ. ನಮ್ಮ ಮಾವನವರದು. ತಾವು ಹೊಡೆದ ಕಾಡುಹಂದಿಯ ಬೆನ್ನ ಮೇಲೆ ಮಾವನವರು ಕಾಲಿಟ್ಟು ನಿಂತ ಪಟವೊಂದು ಆ ಮನೆಯ ನಡುಮನೆಯಲ್ಲಿದೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅದು ದೇವರ ಪಟಗಳ ಸಾಲಿನಲ್ಲೇ ಇತ್ತು. ವರಾಹಸ್ವಾಮಿಯ ಪಟದ ಪಕ್ಕದಲ್ಲಿ ಇದು ಬೇಡ ಎಂದು ನಾನೇ ಹೇಳಿ ಬೇರೆ ಮೊಳೆಗೆ ಹಾಕಿಸಿದೆ. ಬೇಟೆಯನ್ನು ಸರ್ಕಾರ ನಿಲ್ಲಿಸಿ ಎಷ್ಟೋ ಕಾಲವಾಯಿತು. ಮಾವನವರ ಕೋವಿ ಬೆಳೆ ಕಾಯುವುದಕ್ಕೆಂದು ಕೊಟ್ಟ ಲೈಸೆನ್ಸಿನ ಮೇಲೆ ಭಾವನವರಿಗೆ ಬಂತು. ಹೊಲಕ್ಕೆ ಹಂದಿ ನುಗ್ಗಿದರೆ ಆಕಾಶಕ್ಕೆ ಹಾರಿಸಿ ಹೆದರಿಸಬಹುದು, ಅಷ್ಟೇ. ಆದರೆ ಊರಿನವರ ಬಾಯಲ್ಲಿ ಅವರು ಶಿಕಾರಿಯ ಮಗ. ಕೋವಿ ಮನೆಯಿಂದ ಹೋದರೆ ಆ ಮಾತೂ ಹೋಗುತ್ತದೆ ಎನ್ನುವುದೊಂದೇ ಅವರ ಭಯ. ಬೇರೆ ಯಾವುದಕ್ಕೂ ಹೆದರಿದ ಮನುಷ್ಯರಲ್ಲ, ಅಕ್ಕನನ್ನು ಬಿಟ್ಟು.

ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಪಂಚಾಯ್ತಿ ಆಯಿತು, ಅಸೆಂಬ್ಲಿ ಆಯಿತು, ದಿಲ್ಲಿಯದಾಯಿತು, ನಮ್ಮ ಕಡೆ ಚುನಾವಣೆಗೇನು ಬರವೇ. ಭಾವನವರು ಕೋವಿಗೆ ಎಣ್ಣೆ ಸವರಿ, ಅಕ್ಕನ ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅದಕ್ಕೆ ಕೊಟ್ಟು ತಾವು ಇತ್ತ ಕೂತು ಹೋಗುತ್ತಿದ್ದರು. "ಗ್ವಾಡೆಗೆ ಒರಗಿಸ್ಬ್ಯಾಡಿ ಸಾ, ತ್ಯಾವ ಇಡ್ಕತದೆ," ಎಂದು ಠಾಣೆಯವರಿಗೆ ಹೇಳಿ, ಬಾಗಿಲ ತನಕ ಬಂದು, ಮತ್ತೆ ಒಳಗೆ ಹೋಗಿ ನೋಡಿ ಬರುತ್ತಿದ್ದರಂತೆ. ಮಗಳನ್ನು ಗಂಡನ ಮನೆಗೆ ಕಳಿಸಿದ ದಿನವೂ ಹೊಟ್ಟೆ ತುಂಬ ಉಂಡಿದ್ದವರು ಕೋವಿ ಕೊಟ್ಟು ಬಂದ ದಿನ ಮುದ್ದೆ ಮುರಿಯುತ್ತಿರಲಿಲ್ಲ. ಹಂದಿಗಳಿಗೂ ನೀತಿ ಸಂಹಿತೆ ಯಾವಾಗ ಜಾರಿಯಾಗುತ್ತದೆಂದು ಗೊತ್ತಿದ್ದ ಹಾಗೆ ಸರಿಯಾಗಿ ಆ ವಾರವೇ ಗೆಣಸಿನ ಹೊಲಕ್ಕೆ ಇಳಿಯುತ್ತಿದ್ದವು.

ಸ್ಕೋಪಿನ ಮಾತು ಶುರುವಾದದ್ದು ಒಂದು ಆಯುಧಪೂಜೆಯ ದಿನ. ನಾನು ಕೋವಿಗೆ ಚೆಂಡುಹೂವಿನ ಹಾರ ಹಾಕಿ ಕುಂಕುಮ ಇಟ್ಟು ಮಂಗಳಾರತಿ ಎತ್ತಿದ್ದೆ. ಭಾವನವರು ಅದನ್ನು ಭುಜಕ್ಕಿಟ್ಟು ನೋಡಿ, "ಮೂತಿ ಮೇಲಿರೋ ಕಾಳೇ ಕಾಣಕ್ಕಿಲ್ಲ, ಸವ್ದೋಗದೆ," ಅಂದರು. ಗುರಿ ನೋಡುವುದಕ್ಕೆ ಕೋವಿಯ ತುದಿಯಲ್ಲಿ ಒಂದು ಹಿತ್ತಾಳೆಯ ಗುಂಡುಮಣಿ ಇರುತ್ತದೆ, ಅದರ ಮಾತು. ನನಗೆ ಅದು ನಾನಿಟ್ಟ ಕುಂಕುಮದ ಸಮೇತ ನಿಚ್ಚಳವಾಗಿ ಕಾಣುತ್ತಿತ್ತು. ಹಬ್ಬದ ದಿನ ವಾದ ಯಾಕೆ ಎಂದು ಆರತಿ ತಟ್ಟೆಯನ್ನು ಒಳಗಿಟ್ಟೆ.

ಆಮೇಲೆ ಫೋನಿನಲ್ಲಿ ವಿಡಿಯೋ ನೋಡುವುದು ಹತ್ತಿಕೊಂಡಿತು. ಟೋಪಿ ಹಾಕಿದ ಪರದೇಶದವನೊಬ್ಬ ಇಂಗ್ಲಿಷಿನಲ್ಲಿ ಸ್ಕೋಪುಗಳನ್ನು, ಎಂದರೆ ಗುರಿ ನೋಡಲು ಕೋವಿಯ ಮೇಲೆ ಕೂರಿಸುವ ದುರ್ಬೀನುಗಳನ್ನು, ಬಿಚ್ಚಿ ಜೋಡಿಸಿ ತೋರಿಸುತ್ತಿದ್ದ. ಭಾವನವರಿಗೆ ಇಂಗ್ಲಿಷ್ ಬಾರದು. ಅವನಿಗೆ ಹೊಲದ ಬದು ಗೊತ್ತಿಲ್ಲ. ಆದರೂ ಇಬ್ಬರಿಗೂ ಚೆನ್ನಾಗಿ ಹೊಂದಿಕೊಂಡಿತು. ಸ್ವಲ್ಪ ದಿನಕ್ಕೆ ಭಾವನವರೇ ಪಾಠ ಹೇಳುವಷ್ಟಾದರು.

"ದೊಡ್ಡದಾಗಿ ಕಾಣ್ಬೇಕು ಅಂತ ಎಲ್ರೂ ಅಲ್ಲೇ ಬೀಳೋದು ಕಣವ್ವ," ಅನ್ನುತ್ತಿದ್ದರು. "ಇಪ್ಪತ್ತು ಪಟ್ಟು ದೊಡ್ಡದು ಮಾಡ್ತೀನಿ ಅಂತಾನೆ. ಮಾಡ್ತಾನೆ. ಜತೆಗೆ ನಿನ್ ಕೈ ನಡುಕಾನೂ ಇಪ್ಪತ್ತು ಪಟ್ಟು ಮಾಡ್ತಾನೆ. ನಮ್ ಒಲಕ್ಕೆ ಮೂರರಿಂದ ಒಂಬತ್ತು ಪಟ್ಟು ಸಾಕು. ಮುಂದ್ಗಡೆ ಗಾಜು ನಲವತ್ತು ಮಿಲಿಮೀಟ್ರು ಅಗಲ ಇರ್ಬೇಕು. ಒಳಗೆ ಗಾಳಿ ಇರ್ಬಾರ್ದು, ಇದ್ರೆ ಇಬ್ನಿಗೆ ಬೆವರ್ತದೆ. ಕಣ್ಣಿಂದ ನಾಕ್ ಬೆಟ್ಟು ದೂರ ಇಟ್ರೂ ಪೂರ್ತಿ ಕಾಣ್ಬೇಕು. ಒತ್ತು ಮುಳುಗೋ ಟೇಮಲ್ಲಿ ಯಾವ್ದು ಬೆಳಕ ಒಳಕ್ ಬುಡ್ತದೋ ಅದು ಗಾಜು."

"ಅಷ್ಟೆಲ್ಲ ಇದ್ರೆ ಬೆಲೆ ಜಾಸ್ತಿ ಆಗಲ್ವಾ ಭಾವ?"

"ಅಗ್ಗ ಅಂದ್ರೆ ಕಮ್ಮಿ ಬೆಲೇದು ಅಲ್ಲ ಕಣವ್ವ. ಕೆಟ್ರೆ ವಾಪಸ್ ತಕ್ಕೊಳೋನು ಇದ್ದಾನಲ್ಲ, ಅದು ಅಗ್ಗ."

ಮಾತೇನೋ ಸರಿಯೇ. ಈ ಬುದ್ಧಿಯನ್ನು ಇಟ್ಟುಕೊಂಡೇ ನಾನು ಮಿಕ್ಸಿ ಕೊಂಡೆ, ಇವತ್ತಿಗೂ ಚಟ್ನಿ ಚೆನ್ನಾಗಿ ರುಬ್ಬುತ್ತದೆ. ಆದರೆ ಕೋವಿಗೆ ಈ ಬುದ್ಧಿ ಹೊಂದುವಂತಿರಲಿಲ್ಲ. ಅದು ಒಂದು ನಳಿಗೆಯ ಹಳೇ ಕೋವಿ, ಸಣ್ಣ ಚರೆಗಳ ತೋಟಾ ಹಾರಿಸುವಂಥದ್ದು. ಮೈಸೂರಿನ ಕೋವಿ ಅಂಗಡಿಗೆ ನಮ್ಮ ಯಜಮಾನರನ್ನೂ ಕರೆದುಕೊಂಡು ಹೋಗಿದ್ದರು. ಅಂಗಡಿಯವನು ನಕ್ಕನಂತೆ. "ಯಜಮಾನ್ರೇ, ಇದು ಹುರುಳಿ ಎರಚಿದ ಹಾಗೆ ಎರಚುತ್ತೆ. ಸ್ಕೋಪ್ ಬೇಕಾಗೋದು ರೈಫಲ್‌ಗೆ. ಇದಕ್ಕೆ ಹಾಕ್ಸೋದೂ ಒಂದೇ, ಎತ್ತಿನ ಗಾಡಿಗೆ ವೈಪರ್ ಹಾಕ್ಸೋದೂ ಒಂದೇ."

"ಮಳೆ ಬಂದ್ರೆ ಎತ್ಗೂ ಕಣ್ ಕಾಣ್ಬೇಕಲ್ಲಪ್ಪ," ಎಂದು ಭಾವನವರು ಹೊರಗೆ ಬಂದರಂತೆ.

ಬಸ್ಸಿನಲ್ಲಿ ನಮ್ಮ ಯಜಮಾನರು, "ಅಣ್ಣ, ಆಕಾಶಕ್ಕೆ ಹಾರ್ಸಿ ಓಡ್ಸೋದು ತಾನೆ? ಆಕಾಶ ಕಾಣಕ್ಕೆ ಸ್ಕೋಪ್ ಯಾಕೆ?" ಎಂದು ಕೇಳಿದ್ದಕ್ಕೆ, "ಸುಮ್ನಿರ್ಲಾ, ನಿಂಗೆ ಗುರಿ ಅಂದ್ರೇನು ಗೊತ್ತಿಲ್ಲ," ಎಂದು ಬಾಯಿ ಮುಚ್ಚಿಸಿದರು.

ಅಂಗಡಿ ಬೇಡವಾಯಿತು, ಆನ್‌ಲೈನ್ ಬಂತು. ಕೊರಿಯರ್‌ನವರು ಅವರ ಹಳ್ಳಿಗೆ ಹೋಗುತ್ತಿರಲಿಲ್ಲವಾಗಿ ನಂಜನಗೂಡಿನ ನಮ್ಮ ಮನೆಯ ವಿಳಾಸ ಕೊಟ್ಟರು. ಹೀಗೆ ಸ್ಕೋಪುಗಳಿಗೆಲ್ಲ ತವರುಮನೆ ನಮ್ಮದಾಯಿತು. ಒಂದೊಂದು ಬಂದಾಗಲೂ ಭಾವನವರು ಸೋಮವಾರ ನೋಡಿ ಬರುವರು. ದೇವಸ್ಥಾನಕ್ಕೆ ಹೋಗಿ ಬಂದು, ತಿಂಡಿ ತಿಂದು, ತಾರಸಿ ಹತ್ತಿ, ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಸ್ಕೋಪ್ ಹಿಡಿದು ಗುಡಿಯ ಗೋಪುರ ನೋಡುವರು. ಆ ಎಡಗಣ್ಣು ಮುಚ್ಚುವುದು ಅವರಿಗೆ ಎಷ್ಟು ಅಭ್ಯಾಸವಾಯಿತೆಂದರೆ, ನಮ್ಮ ನೆಂಟರ ಪೈಕಿ ಒಂದು ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿಯ ತಾಯಿಯ ಎದುರು ಹಾಗೇ ಒಂದು ಕಣ್ಣು ಮುಚ್ಚಿಕೊಂಡು ಕೂತುಬಿಟ್ಟರು. ಆ ಸಂಬಂಧ ಅಲ್ಲಿಗೇ ನಿಂತಿತು.

"ದೇವರ ಕಳಸದ ಮೇಲೆ ಗುರಿ ಇಡ್ತೀರಲ್ಲ ಭಾವ, ಪಾಪ ಬರತ್ತೆ," ಅನ್ನುತ್ತಿದ್ದೆ.

"ಗುರಿಯಲ್ಲ ಕಣವ್ವ, ದರ್ಶನ," ಅನ್ನುತ್ತಿದ್ದರು. ನೋಡಿ, ತಿರುಗಿಸಿ, ಒರೆಸಿ, ಮತ್ತೆ ನೋಡಿ ಕೊನೆಗೆ ಒಂದೇ ಮಾತು: "ಗಾಜು ಮಸುಕು. ವಾಪಸ್ ಕಳ್ಸು."

ನಾನು ವಾಪಸ್ ಕಳಿಸುತ್ತಿದ್ದೆ. ಕೊರಿಯರ್‌ನವನು ಡಬ್ಬಿ ನೋಡಿಯೇ, "ಮಸುಕಾ ಅಮ್ಮ?" ಎನ್ನುವಷ್ಟು ಬಳಕೆಯಾಯಿತು.

ಒಂದು ಸೋಮವಾರ ಅವರು ಹೀಗೇ ಮಸುಕು ಅಂದಾಗ, ಎಂಥ ಮಸುಕು ನೋಡೋಣ ಎಂದು ನಾನೂ ಸ್ಕೋಪನ್ನು ಕಣ್ಣಿಗೆ ಹಿಡಿದೆ. ಹಿಡಿದವಳು ಇಳಿಸಲಿಲ್ಲ. ಸ್ವಾಮಿಯ ಗೋಪುರ ಕೈಗೆಟಕುವ ಹಾಗೆ ಬಂದು ನಿಂತಿತ್ತು. ಕಳಸಗಳು ಒಂದೊಂದೂ ಬಿಡಿಬಿಡಿ. ಒಂದರ ಕೊರಳಲ್ಲಿ ಪಾರಿವಾಳ ಕೂತು ರೆಕ್ಕೆ ಕೆದರಿಕೊಳ್ಳುತ್ತಿತ್ತು. ಅದರ ಕಾಲು ಕೂಡ ಕೆಂಪಗೆ ಕಾಣುತ್ತಿತ್ತು.

"ಪಾರಿವಾಳ ಇದೆ ಭಾವ," ಅಂದೆ.

"ಎಲ್ಲಿ?"

"ಕಳಸದ ಮೇಲೆ. ಈಗ ಕತ್ತು ತಿರುಗಿಸ್ತು ನೋಡಿ."

ಅವರು ಸ್ಕೋಪ್ ಇಸಿದುಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ತಾರಸಿಯ ಮೋಟುಗೋಡೆಯ ಮೇಲೆ ಕೂತರು.

"ಕಣ್ಣು ತೋರ್ಸಿ ಭಾವ," ಅಂದೆ. "ಪೊರೆ ಬಂದಿರ್ಬೇಕು. ಶಿಬಿರ ಮಾಡ್ತಾರಲ್ಲ, ಪುಕ್ಕಟೆ ತೆಗೀತಾರೆ."

"ತೋರ್ಸಿದ್ರೆ ಚೀಟಿ ಬರ್ದು ಕೊಡ್ತಾರೆ. ಲೈಸನ್ಸು ರಿನೀವಲ್‌ಗೆ ಡಾಕ್ಟ್ರು ಸರ್ಟಿಫಿಕೇಟು ಕೇಳ್ತಾರೆ. ಕಣ್ ಆಪರೇಸನ್ ಆದೋನ ಕೈಗೆ ಯಾವನವ್ವ ಕೋವಿ ಕೊಡ್ತಾನೆ?" ಅಂದರು. ಆಮೇಲೆ ನನ್ನ ಕಡೆ ನೋಡದೆ, "ನಿಮ್ ಅಕ್ಕನ್ಗೆ ಏಳ್ಬ್ಯಾಡ," ಅಂದರು.

ಅವರು ಬಸ್ಸು ಹತ್ತಿದ ಕೂಡಲೇ ನಾನು ಅಕ್ಕನಿಗೆ ಫೋನ್ ಮಾಡಿದೆ. ಕೋವಿ ಇರುವ ಮನೆಯಲ್ಲಿ ಕಣ್ಣು ಕಾಣದಿರುವುದು ಮುಚ್ಚಿಡುವ ವಿಷಯವಲ್ಲ.

"ಗೊತ್ತು ಕಣವ್ವ," ಅಂದರು ಅಕ್ಕ, ಅದೇನೋ ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿದ ಹಾಗೆ. "ಎಮ್ಮೆ ಬಂದ್ರೆ 'ಬಾಪ್ಪ, ಕೂತ್ಕೋ' ಅಂದವ್ರೆ. ನಂಗೆ ಗೊತ್ತಾಗದೆ ಇದ್ದಾತಾ?"

"ಗೊತ್ತಿದ್ದೂ ಸುಮ್ನಿದ್ದೀರಲ್ಲ ಅಕ್ಕ."

"ಬೈದ್ರೆ ಕೋವಿ ಎತ್ಕೊಂಡು ಒಲಕ್ಕೇ ಓಯ್ತರೆ, ಏನ್ ನಂಗೆ ಕಾಣಲ್ಲ ಅಂದಿಯಾ ಅಂತ. ಅದುಕ್ಕೆ ನಾನೇ ಏಳದು, ಈ ಸ್ಕೋಪು ಚೆನ್ನಾಗಿಲ್ಲ, ವಾಪಸ್ ಕಳ್ಸಿ, ಇನ್ನೂ ಒಳ್ಳೇದು ಬತ್ತದೆ ಅಂತ. ಉಡುಕೋವರ್ಗೂ ಗುಂಡು ಒಡಿಯಕ್ಕಿಲ್ಲ. ಉಡುಕ್ಲಿ ಬುಡು."

ಇಷ್ಟು ಹೇಳಿ, "ನಿನ್ ಅಳೇ ಸೀರೆ ಏನಾರ ಅವ್ಯಾ?" ಎಂದು ಕೇಳಿದರು.

ಅದೂ ಅಕ್ಕನದೇ ಏರ್ಪಾಡು. ಹೊಲದ ಸುತ್ತ ಗೂಟ ನೆಟ್ಟು ಹಳೇ ಸೀರೆಗಳನ್ನು ಎಳೆದು ಕಟ್ಟಿದರೆ ಹಂದಿ ಒಳಗೆ ಬರುವುದಿಲ್ಲ. ನಮ್ಮ ಕಡೆ ಎಷ್ಟೋ ಜನ ಕಟ್ಟುತ್ತಾರೆ. ನನ್ನ ಮದುವೆಯಲ್ಲಿ ಕೊಟ್ಟಿದ್ದವು, ಬಾಣಂತನದವು, ಎಲ್ಲ ಕೊಟ್ಟೆ. ಅಕ್ಕನ ಗೆಣಸಿನ ಹೊಲದ ಸುತ್ತ ನಮ್ಮಿಬ್ಬರ ಅರ್ಧ ಸಂಸಾರವೇ ಗಾಳಿಗೆ ಆಡುತ್ತಿತ್ತು. ಹಂದಿಗಳು ಪಕ್ಕದ ಹೊಲಕ್ಕೆ ಹೋದವು. ಭಾವನವರು ಜಗಲಿಯ ಮೇಲೆ ಕೂತು, "ನನ್ ಕೋವಿ ವಾಸ್ನೆಗೇ ಈ ಕಡೆ ತಲೆ ಆಕಕ್ಕಿಲ್ಲ ಕಣ್ರಲಾ," ಎಂದು ಬಂದವರಿಗೆ ಹೇಳುತ್ತಿದ್ದರು. ಅಕ್ಕ ಕಾಫಿ ತಂದು ಇಡುತ್ತಿದ್ದರು.

ಆದರೆ ಎಷ್ಟು ಸಲ ಅಂತ ವಾಪಸ್ ತೆಗೆದುಕೊಳ್ಳುತ್ತಾರೆ ಕಂಪನಿಯವರು. ಕಡೆಯ ಸ್ಕೋಪನ್ನು ತೆಗೆದುಕೊಳ್ಳುವುದಿಲ್ಲ ಅಂದುಬಿಟ್ಟರು. ಅದು ಮನೆಯಲ್ಲೇ ಉಳಿಯಿತು. ಭಾವನವರು ತಿ. ನರಸೀಪುರದ ವೆಲ್ಡಿಂಗ್ ಅಂಗಡಿಯಲ್ಲಿ ಅದಕ್ಕೊಂದು ಕಬ್ಬಿಣದ ಪಟ್ಟಿ ಮಾಡಿಸಿ ಕೋವಿಯ ಬೆನ್ನಿಗೆ ಬಿಗಿದರು. ಕೆರೆ ಏರಿಯ ಮೇಲೆ ನಿಂತು ಪರೀಕ್ಷೆಗೆಂದು ಆಕಾಶಕ್ಕೆ ಹಾರಿಸಿದರು. ಕೋವಿ ಹಿಂದಕ್ಕೆ ಒದ್ದಿತು, ಸ್ಕೋಪಿನ ಅಂಚು ಹುಬ್ಬಿಗೆ ಹೊಡೆಯಿತು. ಕಣ್ಣಿಗೂ ಗಾಜಿಗೂ ನಾಲ್ಕು ಬೆರಳು ದೂರವಿರಬೇಕು ಎನ್ನುವ ಪಾಠವನ್ನು ಊರಿಗೆಲ್ಲ ಹೇಳಿ ತಾವೇ ಮರೆತಿದ್ದರು. ಹುಬ್ಬಿನ ಮೇಲೆ ಅರ್ಧಚಂದ್ರದ ಹಾಗೆ ಗಾಯವಾಯಿತು. ಕೇಳಿದವರಿಗೆ ಹಂದಿ ತಿವಿಯಿತು ಅಂದರು. ಹಂದಿ ಹುಬ್ಬಿನ ತನಕ ಹೇಗೆ ಎಗರಿತು ಎಂದು ಯಾರೂ ಕೇಳಲಿಲ್ಲ. ಶಿಕಾರಿಯ ಮಗ ಎನ್ನುವುದಕ್ಕೆ ಅಷ್ಟು ಮರ್ಯಾದೆ ಇನ್ನೂ ಉಳಿದಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಅವರು ಸೋಮವಾರವಲ್ಲದ ದಿನ ನಮ್ಮ ಮನೆಗೆ ಬಂದರು. ಬಾಗಿಲು ತೆಗೆದರೆ ಯಾರೋ ಬೇರೆಯವರು ನಿಂತ ಹಾಗಿತ್ತು. ನಂಜುಂಡಪ್ಪನಿಗೆ ಮುಡಿ ಕೊಟ್ಟು ಬಂದಿದ್ದರು. ತಲೆ ಸರಿ, ಮೀಸೆಯನ್ನೂ ಕೊಟ್ಟಿದ್ದರು. ಅದು ಮಾವನವರ ಪಟದಲ್ಲಿರುವಂಥದೇ ಮೀಸೆ. ನಾನು ಏನೂ ಕೇಳದೆ ಎಲೆ ಹಾಕಿ ಅನ್ನ ಬಡಿಸಿದೆ. ಅನ್ನ ಕಲೆಸುತ್ತ ಅವರೇ ಶುರುಮಾಡಿದರು.

"ನೆನ್ನೆ ಒತ್ತು ಮುಳುಗ್ತಿತ್ತು. ಬದಿನ ಮೇಲೆ ನಿಂತಿದ್ದೆ. ಗೆಣಸಿನ ಮಡಿ ಒಳಗೆ ಕಪ್ಪುಗೆ, ಬಗ್ಗಿ ಕೆರೀತಾ ಇತ್ತು. ಸರಿಯಾದ ಹಂದಿ ಅನ್ಕೊಂಡೆ. ಆಕಾಶಕ್ಕೆ ಅಲ್ಲ, ಸೀದಾ ಅದುಕ್ಕೇ ಎತ್ತಿ ಇಡ್ದೆ."

ನಾನು ಸಾರಿನ ಸೌಟು ಹಿಡಿದು ನಿಂತೆ.

"ಸ್ಕೋಪ್ನಲ್ಲಿ ನೋಡಿದ್ರೆ ಬರೀ ಮಂಜು. ಥೂ, ಇದೂ ಮೋಸದ ಗಾಜು ಅಂತ ಇಳಿಸಿ ಪಂಚೇಲಿ ಒರುಸ್ತಾ ಇದ್ದೆ. ಹಂದಿ ಎದ್ದು ನಿಂತ್ಕೊಂಡು, 'ಏನ್ ಅಲ್ಲಿ ಒರುಸ್ತಾ ನಿಂತ್ಕೊಂಡ್ರಿ, ಬನ್ನಿ, ಈ ಸೀರೆ ತುದಿ ಇಡ್ಕೊಳಿ' ಅಂತು."

ಭಾವನವರು ಎಲೆಯ ಮೇಲೆಯೇ ಕೈ ಇಟ್ಟುಕೊಂಡಿದ್ದರು. "ಓಗಿ ಇಡ್ಕೊಂಡೆ ಕಣವ್ವ. ಗೂಟಕ್ಕೆ ಕಟ್ಟೋವರ್ಗೂ ಇಡ್ಕೊಂಡಿದ್ದೆ. ನಿಮ್ ಅಕ್ಕ, ಯಾಕಿಂಗ್ ಕೈ ನಡುಗ್ತದೆ, ಚಳಿ ಜ್ವರವಾ ಅಂದ್ಳು. ಊಂ ಅಂದೆ."

ಅವರ ಜೀವನದಲ್ಲಿ ಅವರು ಹುಡುಕಿದ ಸ್ಕೋಪುಗಳಲ್ಲೆಲ್ಲ ಒಳ್ಳೆಯದು ಯಾವುದು ಎಂದು ಕೇಳಿದರೆ ನಾನು ಆ ಕಡೆಯದನ್ನೇ ಹೇಳುತ್ತೇನೆ. ಮನುಷ್ಯ ಅಷ್ಟು ಗೊಣಗುವವನಲ್ಲದೆ ಇದ್ದಿದ್ದರೆ, ಕೊಟ್ಟದ್ದರಲ್ಲಿ ತೃಪ್ತಿಪಟ್ಟುಕೊಳ್ಳುವವನಾಗಿದ್ದರೆ, ಮಂಜಿನಲ್ಲೇ ಹಾರಿಸುತ್ತಿದ್ದ. ತೃಪ್ತಿ ದೊಡ್ಡ ಗುಣ ಎಂದು ಹರಿಕಥೆಯಲ್ಲಿ ಕೇಳುತ್ತ ಬಂದ ನಾನು ಅವತ್ತು ಅತೃಪ್ತಿಗೆ ತುಪ್ಪದ ದೀಪ ಹಚ್ಚಿದೆ.

ಮಾರನೇ ದಿನ ಭಾವನವರು ಯಾವ ಚುನಾವಣೆಯೂ ಇಲ್ಲದಾಗ ಕೋವಿಯನ್ನು ಠಾಣೆಗೆ ತೆಗೆದುಕೊಂಡು ಹೋದರು. ಅಲ್ಲಿಯವರೇ, ಈಗ ಏನೂ ಇಲ್ಲವಲ್ಲ ಗೌಡ್ರೇ ಎಂದು ಗಾಬರಿಪಟ್ಟರಂತೆ. ಊರಿನಲ್ಲಿ ಇವರು ಹೇಳಿದ್ದು, "ನಮ್ ದೇಸದಲ್ಲಿ ಇನ್ನೂ ಸರಿಯಾದ ಸ್ಕೋಪ್ ಬಂದಿಲ್ಲ. ಬರಾಗಂಟ ಅಲ್ಲೇ ಇರ್ಲಿ." ಜನ ತಲೆದೂಗಿದರು. ಶಿಕಾರಿಯ ಮಗ ಅನ್ನುವುದು ಹೋಗಲಿಲ್ಲ. ಕೋವಿ ಠಾಣೆಯಲ್ಲಿದೆ ಅಂದರೆ ಅದಕ್ಕೆ ಇನ್ನಷ್ಟು ತೂಕವೇ ಬಂತು.

ಕೋವಿಯೇ ಇಲ್ಲದ ಮೇಲೆ ಕಣ್ಣಿಗೇನು ಅಡ್ಡಿ? ಶಿಬಿರದಲ್ಲಿ ಪೊರೆ ತೆಗೆಸಿಕೊಂಡರು. ಪಟ್ಟಿ ಬಿಚ್ಚಿದ ದಿನ ಅಕ್ಕನನ್ನು ನೋಡಿ, "ಇದೇನ್ಮೇ, ಯಾವಾಗ ಇಷ್ಟೊಂದು ತಲೆ ನರೀತು ನಿಂಗೆ?" ಎಂದು ಕೇಳಿದರಂತೆ. "ನೀವು ಗಾಜು ಒರುಸ್ತಿದ್ದಾಗ," ಅಂದರಂತೆ ಅಕ್ಕ.

ಕಣ್ಣು ಆಪರೇಷನ್ ಆದವರಿಗೆ ಕೋವಿ ಕೊಡುವುದಿಲ್ಲ ಎನ್ನುವುದೂ ಬರೀ ಅವರ ಕಲ್ಪನೆ. ಕಣ್ಣು ನಿಚ್ಚಳವಾಗಿದೆ ಎಂದು ಡಾಕ್ಟರೇ ಸರ್ಟಿಫಿಕೇಟು ಬರೆದುಕೊಡುತ್ತೇನೆ ಅಂದರು. ಆಗ ನಮ್ಮ ಯಜಮಾನರು, ಹಾಗಾದರೆ ಕೋವಿ ಬಿಡಿಸಿಕೊಂಡು ಬರೋಣ ಅಣ್ಣ ಎಂದು ಹೊರಟರು. ಭಾವನವರು ಚಪ್ಪಲಿ ಹಾಕಿಕೊಳ್ಳಲಿಲ್ಲ.

"ಕಣ್ ಸರಿ ಆದ್ಮೇಲೆ ಸ್ಕೋಪ್ ಯಾಕ್ಲಾ?" ಅಂದರು. "ಸ್ಕೋಪೇ ಬ್ಯಾಡ ಅಂದ್ಮೇಲೆ ಕೋವಿ ಯಾಕೆ?"

ಆ ಲೆಕ್ಕ ನಮ್ಮ ಯಜಮಾನರಿಗೆ ಇವತ್ತಿನ ತನಕ ತಿಳಿದಿಲ್ಲ. ಬದಿನ ಮೇಲಿನ ಆ ಸಂಜೆಯ ಸಂಗತಿ ಭಾವನವರು ಹೇಳಿದ್ದು ನನಗೊಬ್ಬಳಿಗೆ. ಅಕ್ಕನಿಗೂ ನಾನು ಹೇಳಿಲ್ಲ. ಅವರಿಗೆ ಅದು ಚಳಿ ಜ್ವರವಾಗಿಯೇ ಇರಲಿ.

ಇವತ್ತು ಫೋನಿಡುವ ಮುಂಚೆ ಅಕ್ಕ, "ಅವ್ರು ಇನ್ನೂ ಬೆಚ್ಗವ್ರೆ, ಆಗ್ಲೇ ಕೋವಿ ಯಾರಿಗೆ ಅಂತ ಮಾತು ಬಂದದೆ ಕಣವ್ವ," ಅಂದರು. ನಾನು, "ನೀವು ಅತ್ತ ಗಮನ ಕೊಡ್ಬೇಡಿ ಅಕ್ಕ, ಬರ್ತಾ ಇದ್ದೀವಿ," ಅಂದೆ.

ಯಜಮಾನರು ತಾಂಡವಪುರದ ಕಾರ್ಖಾನೆಯಿಂದ ರಜೆ ಹೇಳಿ ಬಂದರು. ಕಣ್ಣು ಕೆಂಪಗಿತ್ತು. ತಲೆಯ ಮೇಲೆ ನೀರು ಸುರಿದುಕೊಂಡು ಬಂದು, ಬಿಳಿ ಅಂಗಿ ಹುಡುಕುತ್ತ, ಬೆನ್ನು ತಿರುಗಿಸಿಕೊಂಡೇ ಅಂದರು: "ಅಪ್ಪನ ಕೋವಿ ಕಣೆ. ಇನ್ನು ನಾನೊಬ್ನೇ ತಾನೆ ಉಳ್ದಿರೋನು. ಠಾಣೇಲಿ ತುಕ್ಕು ಇಡ್ಸೋದಾ? ಲೈಸೆನ್ಸ್ ನನ್ ಹೆಸ್ರಿಗೆ ಮಾಡಿಸ್ಕೊಂಡ್ರೆ..." ಅಂಗಿ ಸಿಕ್ಕಿ ಅದನ್ನು ಕೊಡವುತ್ತ, "ಆ ಸ್ಕೋಪೂ ಇದ್ಯಲ್ಲ, ಅಣ್ಣ ಅಷ್ಟು ಆರ್ಸಿ ಆರ್ಸಿ ತಂದಿದ್ದು," ಅಂದರು.

ಸತ್ತ ಮನೆಗೆ ಹೊರಟ ಮನುಷ್ಯನ ಜೊತೆ ಜಗಳ ಆಡಬಾರದು. ಬಿಳಿ ಅಂಗಿಯ ಎದೆಯ ಗುಂಡಿ ಕಿತ್ತುಹೋಗಿತ್ತು. ಡಬ್ಬಿಯಿಂದ ಸೂಜಿ, ಬಿಳಿ ದಾರ ತೆಗೆದು ಅವರ ಕೈಗೆ ಕೊಟ್ಟೆ. "ಇದನ್ನು ಪೋಣಿಸಿ ಕೊಡಿ, ಅಷ್ಟರಲ್ಲಿ ಹಸುಗೆ ಹುಲ್ಲು ಹಾಕಿ ಬರ್ತೀನಿ," ಅಂದೆ.

ಹುಲ್ಲು ಹಾಕಿ, ನೀರಿಟ್ಟು, ನಿಧಾನವಾಗಿಯೇ ಬಂದೆ. ಅವರು ಕಿಟಕಿಯ ಬೆಳಕಿಗೆ ಹೋಗಿ ನಿಂತಿದ್ದರು. ಸೂಜಿಯನ್ನು ಮೊದಲು ಮೂಗಿನ ಹತ್ತಿರ ಹಿಡಿದರು, ಆಮೇಲೆ ತೋಳು ಚಾಚಿ ದೂರ ಹಿಡಿದರು. ದಾರದ ತುದಿಯನ್ನು ಎಂಜಲು ಮಾಡಿ ಮಾಡಿ ಅದು ಬತ್ತಿಯ ಹಾಗಾಗಿತ್ತು.

"ಈ ಸೂಜಿ ಕಣ್ಣೇ ಸಣ್ಣದು ಕಣೆ," ಅಂದರು.

"ಹೌದು," ಅಂದೆ.

ಸೂಜಿಯನ್ನು ನನಗೇ ಕೊಟ್ಟರು. ಕೋವಿಯ ಮಾತು ಮತ್ತೆ ಎತ್ತಲಿಲ್ಲ. ನಾನು ದಾರದ ತುದಿ ಕತ್ತರಿಸಿ, ಪೋಣಿಸಿ, ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಗುಂಡಿ ಹೊಲಿಯುವುದಕ್ಕೆ ಕೂತೆ.